ಸ್ಕೀಮಾಕ್ಕೂ ಇನ್‌ಹೆರಿಟೆನ್ಸ್ ಬೇಕು, ಆದರೆ ಜಾವಾದಲ್ಲಿರುವಂಥದ್ದಲ್ಲ

ಪ್ರಶ್ನೆ: ನಮ್ಮ ತಂಡ ನೀರಾವರಿ ಪಂಪು, ಸ್ಟಾರ್ಟರ್, ಸಣ್ಣಪುಟ್ಟ ಯಂತ್ರಗಳ ಬಳಕೆ ಕೈಪಿಡಿಗಳನ್ನು ಎಕ್ಸ್‌ಎಂಎಲ್‌ನಲ್ಲಿ, ಅಂದರೆ ಪ್ರತಿ ಭಾಗವನ್ನೂ ಹೆಸರಿರುವ ಟ್ಯಾಗ್‌ಗಳ ನಡುವೆ ಎಲಿಮೆಂಟ್ ಆಗಿ ಇಡುವ ರೂಪದಲ್ಲಿ, ಬರೆದು ಕನ್ನಡ, ಹಿಂದಿ, ಇಂಗ್ಲಿಷ್‌ನಲ್ಲಿ ಅಚ್ಚಿಗೂ ವೆಬ್‌ಗೂ ಒದಗಿಸುತ್ತದೆ. ನಾವೆಲ್ಲ ಜಾವಾ ಪ್ರೋಗ್ರಾಮಿಂಗ್‌ನಿಂದ ಬಂದವರು; ಬೇಸ್ ಕ್ಲಾಸ್‌ನಲ್ಲಿರುವುದು ಅದರ ಸಬ್‌ಕ್ಲಾಸ್‌ಗೆ ಇಳಿದುಬರುವ ಇನ್‌ಹೆರಿಟೆನ್ಸ್ ನಮಗೆ ರೂಢಿ. ‘ಸೂಚನೆ’ ಎಂಬ ಬೇಸ್ ಟೈಪ್ ಇಟ್ಟುಕೊಂಡು ಅದರಿಂದ ‘ಎಚ್ಚರಿಕೆ’, ‘ಸಲಹೆ’ ಮುಂತಾದವನ್ನು ಪಡೆಯಲು ಹೊರಟೆವು. ದಾಖಲೆಯಲ್ಲಿ ಏನೇನು ಯಾವ ಕ್ರಮದಲ್ಲಿರಬಹುದು ಎಂಬ ನಿಯಮಗಳನ್ನು, ಅಂದರೆ ಸ್ಕೀಮಾವನ್ನು, ಬರೆಯುವ ಎಕ್ಸ್‌ಎಸ್‌ಡಿ ಭಾಷೆಯಲ್ಲಿ ಎಕ್ಸ್‌ಟೆನ್ಷನ್ (ಬೇಸ್‌ಗೆ ಹೊಸದನ್ನು ಸೇರಿಸುವುದು) ಮಾಡಿದರೆ ಹೊಸ ಎಲಿಮೆಂಟ್ ಯಾವಾಗಲೂ ಕೊನೆಗೇ ಬಂದು ಕೂರುತ್ತದೆ. ರಿಲ್ಯಾಕ್ಸ್ ಎನ್‌ಜಿ ಎಂಬ ಇನ್ನೊಂದು ಸ್ಕೀಮಾ ಭಾಷೆಯಲ್ಲಂತೂ ಇನ್‌ಹೆರಿಟೆನ್ಸೇ ಇಲ್ಲ. ನಿಜವಾದ ಆಬ್ಜೆಕ್ಟ್ ಓರಿಯೆಂಟೆಡ್ ಸ್ಕೀಮಾ ಭಾಷೆ ಯಾವುದಾದರೂ ಇದೆಯೇ? ಇಲ್ಲವಾದರೆ ರಿಲ್ಯಾಕ್ಸ್ ಎನ್‌ಜಿ ಮೇಲೆ ನಾವೇ ಒಂದು ಪದರ ಕಟ್ಟಿಕೊಳ್ಳಬೇಕೆ? ಮುಂದೆ ಅದೇ ಸ್ಕೀಮಾದಿಂದ ಜಾವಾ ಕ್ಲಾಸ್‌ಗಳನ್ನು ಜನರೇಟ್ ಮಾಡುವ ಯೋಚನೆಯೂ ಇದೆ.

ಉತ್ತರ: ‘ಕೊನೆಗೇ ಬಂದು ಕೂರುತ್ತದೆ’ ಎಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ಇಡೀ ತೊಡಕು ಅಡಗಿರುವುದು ಆ ಒಂದು ದೂರಿನಲ್ಲಿ.

ನಿಮ್ಮ ‘ಸೂಚನೆ’ಯ ಒಳಗೆ ಒಂದು ಶೀರ್ಷಿಕೆ, ಆಮೇಲೆ ಒಂದೋ ಹೆಚ್ಚೋ ಪ್ಯಾರಾ ಎಂದಿಟ್ಟುಕೊಳ್ಳೋಣ. ಅದನ್ನು ಎಕ್ಸ್‌ಟೆಂಡ್ ಮಾಡಿ ‘ಎಚ್ಚರಿಕೆ’ ಮಾಡಿದಿರಿ, ‘ಅಪಾಯ’ ಎಂಬ ಹೊಸ ಎಲಿಮೆಂಟ್ ಸೇರಿಸಿದಿರಿ. ಎಕ್ಸ್‌ಎಸ್‌ಡಿ ನಿಮಗೆ ಕೊಡುವ ದಾಖಲೆ ಹೀಗಿರುತ್ತದೆ:

<ಎಚ್ಚರಿಕೆ>
  <ಶೀರ್ಷಿಕೆ>ಫ್ಯೂಸ್ ಪರೀಕ್ಷೆ</ಶೀರ್ಷಿಕೆ>
  <ಪ್ಯಾರಾ>ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳ ತೆಗೆದು ಫ್ಯೂಸ್ ಹೊರಗೆಳೆಯಿರಿ.</ಪ್ಯಾರಾ>
  <ಅಪಾಯ>ಮೇನ್ ಸ್ವಿಚ್ ಆಫ್ ಮಾಡಿರದಿದ್ದರೆ ಶಾಕ್ ಹೊಡೆಯುತ್ತದೆ.</ಅಪಾಯ>
</ಎಚ್ಚರಿಕೆ>

ಓದುವವನ ಕೈ ಫ್ಯೂಸಿನ ಮೇಲಿರುವಾಗ ಅಪಾಯದ ಮಾತು ಬರುತ್ತದೆ. ಇದನ್ನು ಸ್ಟೈಲ್‌ಶೀಟ್‌ನಲ್ಲಿ, ಅಂದರೆ ದಾಖಲೆಯನ್ನು ಅಚ್ಚಿನ ಅಥವಾ ವೆಬ್‌ನ ಪುಟವಾಗಿಸುವ ನಿಯಮಗಳಲ್ಲಿ, ಮೇಲಕ್ಕೆತ್ತಬಹುದು, ನಿಜ. ಆದರೆ ಬರೆಯುವ ಕ್ರಮ ಒಂದು, ಓದುವ ಕ್ರಮ ಇನ್ನೊಂದು ಎಂದಾದರೆ ಬರೆಯುವವರು ಬೇಗ ದಾರಿ ತಪ್ಪುತ್ತಾರೆ.

(ನಡುವೆ ಒಂದು ಮಾತು. ಮೇಲಿನ ಟ್ಯಾಗ್‌ಗಳು ಬರೀ ವಿವರಣೆಗೆ ಬರೆದವಲ್ಲ. ಎಕ್ಸ್‌ಎಂಎಲ್‌ನಲ್ಲಿ ಎಲಿಮೆಂಟ್ ಹೆಸರು ಕನ್ನಡ ಲಿಪಿಯಲ್ಲಿರಲು 1998ರ ಮೊದಲ ಆವೃತ್ತಿಯಿಂದಲೇ ಅವಕಾಶವಿದೆ. ಎಡವುವುದು ಒಂದೇ ಕಡೆ: ‘ಸ್ಟೈಲ್‌ಶೀಟ್’ ತರಹದ ಪದದಲ್ಲಿ ಅರ್ಧಾಕ್ಷರ ಕೂಡಿಕೊಳ್ಳದಂತೆ ನಡುವೆ ಇಡುವ, ಕಣ್ಣಿಗೆ ಕಾಣದ ನಾನ್-ಜಾಯ್ನರ್ ಅಕ್ಷರ. ಅದಕ್ಕೆ ಎಲಿಮೆಂಟ್ ಹೆಸರಿನಲ್ಲಿ ಜಾಗ ಸಿಕ್ಕಿದ್ದು 2008ರ ಐದನೇ ಆವೃತ್ತಿಯಲ್ಲಿ. ಹಳೆಯ ನಿಯಮ ಪಾಲಿಸುವ ಪಾರ್ಸರ್‌ಗಳು (ಎಕ್ಸ್‌ಎಂಎಲ್ ಓದುವ ಸಾಫ್ಟ್‌ವೇರ್) ಇನ್ನೂ ಬಳಕೆಯಲ್ಲಿವೆ. ಹೆಸರಿಡುವಾಗ ಆ ಅಕ್ಷರ ಬೇಡದ ಪದಗಳನ್ನೇ ಆರಿಸಿಕೊಳ್ಳಿ.)

ಎಕ್ಸ್‌ಎಸ್‌ಡಿ ಮಾಡಿದವರು ಯಾಕೆ ಹೀಗೆ ಮಾಡಿದರು? ಬೇರೆ ದಾರಿ ಇರಲಿಲ್ಲ. ಜಾವಾ ಕ್ಲಾಸ್‌ನ ಫೀಲ್ಡ್‌ಗಳಿಗೆ ಹೆಸರಿದೆ, ಕ್ರಮವಿಲ್ಲ. ಇನ್ನೊಂದು ಫೀಲ್ಡ್ ಸೇರಿಸಿದರೆ ಅದು ಎಲ್ಲಿ ಸೇರಿತು ಎಂದು ಯಾರೂ ಕೇಳುವುದಿಲ್ಲ. ಎಲಿಮೆಂಟ್‌ನ ಒಳಗೆ ಏನೇನು ಬರಬಹುದು ಎಂದು ಹೇಳುವ ಕಂಟೆಂಟ್ ಮಾಡೆಲ್ ಹಾಗಲ್ಲ, ಅದು ವ್ಯಾಕರಣ. ಹೆಚ್ಚುಕಡಿಮೆ ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಅಕ್ಷರಗಳ ಸಾಲು ಹೇಗಿರಬೇಕೆಂದು ಹೇಳುವ ಸೂತ್ರ, ಇದ್ದಂತೆಯೇ. ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್‌ಗೆ ‘ಇನ್ನೊಂದನ್ನು ಸೇರಿಸು’ ಎಂದರೆ ಎಲ್ಲಿಗೆ? ಮೊದಲಿಗೋ, ಕೊನೆಗೋ, ‘ಒಂದೋ ಹೆಚ್ಚೋ’ ಎಂದು ಹೇಳುವ ಪ್ಲಸ್ ಚಿಹ್ನೆಯ ಆವರಣದ ಒಳಗೋ? ಪ್ರತಿ ಬಾರಿಯೂ ಲೇಖಕರನ್ನು ಕೇಳದೆ ನಿರ್ಧರಿಸಬಹುದಾದ ಜಾಗಗಳಲ್ಲಿ ಅವರು ಕೊನೆಯನ್ನು ಆರಿಸಿಕೊಂಡರು. ಅಲ್ಲೂ ಗಂಡಾಂತರ ತಪ್ಪಲಿಲ್ಲ. ನಿಮ್ಮ ಬೇಸ್ ಟೈಪ್ ‘ಒಂದೋ ಹೆಚ್ಚೋ ಪ್ಯಾರಾ’ ಎಂದು ಮುಗಿಯುತ್ತದೆ. ಸಬ್‌ಟೈಪ್‌ನಲ್ಲಿ ಕೊನೆಗೆ ಇನ್ನೊಂದು ಪ್ಯಾರಾ, ಅದರಾಚೆ ಒಂದು ಸಹಿ ಸೇರಿಸಿ ನೋಡಿ. ಸ್ಕೀಮಾವನ್ನೇ ಪಾರ್ಸರ್ ತಿರಸ್ಕರಿಸುತ್ತದೆ. ಎದುರಿಗೆ ಬಂದ ಪ್ಯಾರಾ ಬೇಸ್‌ನದೋ ಸಬ್‌ಟೈಪ್‌ನದೋ ಎಂದು ಮುಂದೆ ಇಣುಕದೆಯೇ ಹೇಳಲು ಬರಬೇಕು ಎಂಬುದು ಎಕ್ಸ್‌ಎಸ್‌ಡಿಯ ನಿಯಮ. ಅದಕ್ಕೆ ಯುನೀಕ್ ಪಾರ್ಟಿಕಲ್ ಆಟ್ರಿಬ್ಯೂಷನ್ ಎಂಬ ಉದ್ದನೆಯ ಹೆಸರಿದೆ. ಎಕ್ಸ್‌ಎಸ್‌ಡಿ ಬರೆದವರಿಗೆಲ್ಲ ಒಮ್ಮೆಯಾದರೂ ಅದರ ಎರರ್ ಮೆಸೇಜ್ ಕಂಡಿರುತ್ತದೆ.

ಕ್ರಮದ ವಿಷಯ ಒತ್ತಟ್ಟಿಗಿರಲಿ, ಅದಕ್ಕಿಂತ ಆಳದ ತೊಡಕು ಇನ್ನೊಂದಿದೆ. ಪ್ರೋಗ್ರಾಮಿಂಗ್‌ನಲ್ಲಿ ಸಬ್‌ಕ್ಲಾಸ್ ಎಂದರೆ ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ ಹೇಳಿದ ಷರತ್ತು ನೆನಪಾಗುತ್ತದೆ: ಬೇಸ್ ಇದ್ದ ಕಡೆ ಸಬ್‌ಟೈಪ್ ಇಟ್ಟರೂ ಹಳೆಯ ಕೋಡ್ ಕೆಡಬಾರದು. ಜಾವಾದಲ್ಲಿ ಹೊಸ ಫೀಲ್ಡ್ ಸೇರಿಸಿದರೆ ಹಳೆಯ ಕೋಡ್ ಅದನ್ನು ನೋಡುವುದೇ ಇಲ್ಲ, ಹಾಗಾಗಿ ಏನೂ ಕೆಡುವುದಿಲ್ಲ. ದಾಖಲೆಯಲ್ಲಿ ನೋಡದೇ ಇರುವುದೇ ಕೆಡುವುದು. ಹಳೆಯ ಸ್ಟೈಲ್‌ಶೀಟ್ ‘ಅಪಾಯ’ವನ್ನು ಗುರುತಿಸಲಿಲ್ಲ ಎಂದಿಟ್ಟುಕೊಳ್ಳಿ. ಒಂದೋ ಅದನ್ನು ಕೈಬಿಡುತ್ತದೆ, ಶಾಕ್‌ನ ಮಾತು ಅಚ್ಚಾಗುವುದೇ ಇಲ್ಲ. ಇಲ್ಲವೇ ರೂಪುರೇಷೆ ಇಲ್ಲದ ಬರೀ ಪಠ್ಯವಾಗಿ ಹಿಂದಿನ ಪ್ಯಾರಾಕ್ಕೆ ಅಂಟಿಸುತ್ತದೆ. ಎರಡೂ ತಪ್ಪು.

ಟೈಪ್ ಎಂದರೆ ಅದಕ್ಕೆ ಹೊಂದುವ ದಾಖಲೆಗಳ ಗಣ ಎಂದು ಭಾವಿಸಿದರೆ ವಿಷಯ ತಿಳಿಯಾಗುತ್ತದೆ. ಸಬ್‌ಟೈಪ್ ಅದರ ಉಪಗಣವಾಗಿರಬೇಕು. ಎಕ್ಸ್‌ಟೆನ್ಷನ್‌ನಿಂದ ಸಿಗುವುದು ಉಪಗಣವಲ್ಲ; ‘ಅಪಾಯ’ ಇರುವ ದಾಖಲೆ ಬೇಸ್‌ನ ಗಣದಲ್ಲಿ ಇಲ್ಲವೇ ಇಲ್ಲ. ಎಕ್ಸ್‌ಎಸ್‌ಐ ಟೈಪ್ ಎಂಬ ಚೀಟಿಯನ್ನು ದಾಖಲೆಯಲ್ಲೇ ಅಂಟಿಸಿ ‘ಇದು ಅದರ ಮಗುವೇ, ಒಪ್ಪಿಕೋ’ ಎಂದು, ದಾಖಲೆ ಸ್ಕೀಮಾಕ್ಕೆ ಹೊಂದುತ್ತದೆಯೇ ಎಂದು ನೋಡುವ ವ್ಯಾಲಿಡೇಟರ್‌ಗೆ ಹೇಳಬೇಕಾಗುತ್ತದೆ. ಎಕ್ಸ್‌ಎಸ್‌ಡಿಯಲ್ಲಿ ರಿಸ್ಟ್ರಿಕ್ಷನ್ ಎಂಬ ಇನ್ನೊಂದು ವಿಧವಿದೆ, ಅದು ನಿಜಕ್ಕೂ ಉಪಗಣ ಕೊಡುತ್ತದೆ. ಆದರೆ ಅದರಲ್ಲಿ ಬೇಸ್‌ನ ಇಡೀ ಕಂಟೆಂಟ್ ಮಾಡೆಲ್ ಅನ್ನು ಮತ್ತೆ ಮೊದಲಿನಿಂದ ಬರೆಯಬೇಕು. ನಾಳೆ ಬೇಸ್‌ನಲ್ಲಿ ಒಂದು ಸಾಲು ಬದಲಾದರೆ ಮಕ್ಕಳನ್ನೆಲ್ಲ ಕೈಯಾರೆ ತಿದ್ದಬೇಕು. ಬರೆಯುವ ಶ್ರಮ ಉಳಿಸದ ಇನ್‌ಹೆರಿಟೆನ್ಸ್ ಇಟ್ಟುಕೊಂಡು ಏನು ಮಾಡುವುದು ಎಂದು 2001ರಲ್ಲೇ ಜನ ಕೇಳಿದ್ದರು. 2012ರ 1.1 ಆವೃತ್ತಿ ರಿಸ್ಟ್ರಿಕ್ಷನ್ ಸರಿಯಿದೆಯೇ ಎಂದು ಪರೀಕ್ಷಿಸುವ ನಿಯಮಗಳನ್ನು ಬಹಳಷ್ಟು ಸರಳ ಮಾಡಿತು, ಮತ್ತೆ ಬರೆಯುವ ಕೆಲಸ ಮಾತ್ರ ಹಾಗೆಯೇ ಉಳಿಯಿತು.

ಹಾಗೆಂದು ಎಕ್ಸ್‌ಎಸ್‌ಡಿಯ ಈ ಸೌಕರ್ಯಗಳು ಎಲ್ಲ ಕಡೆಯೂ ವ್ಯರ್ಥವಲ್ಲ. ನಕ್ಷೆ ಮಾಹಿತಿಯ ಜಿಎಂಎಲ್ ಇಡೀ ಕಟ್ಟಡವನ್ನೇ ಅಬ್‌ಸ್ಟ್ರಾಕ್ಟ್ ಎಲಿಮೆಂಟ್ (ತಾನು ಬಾರದೆ ಜಾಗ ಮಾತ್ರ ಕಾಯ್ದಿಡುವುದು) ಮತ್ತು ಸಬ್‌ಸ್ಟಿಟ್ಯೂಷನ್ ಗ್ರೂಪ್‌ಗಳ (ಆ ಜಾಗದಲ್ಲಿ ಬರಬಹುದಾದವುಗಳ ಗುಂಪು) ಮೇಲೆ ನಿಲ್ಲಿಸಿದೆ. ನಮ್ಮ ದೇಶದಲ್ಲಿ ದೊಡ್ಡ ಕಂಪನಿಗಳು 2011ರಿಂದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯಕ್ಕೆ ಲೆಕ್ಕಪತ್ರ ಸಲ್ಲಿಸುವ ಎಕ್ಸ್‌ಬಿಆರ್‌ಎಲ್‌ನಲ್ಲೂ ಪ್ರತಿ ಲೆಕ್ಕದ ಬಾಬ್ತು ‘ಐಟಂ’ ಎಂಬ ಒಂದೇ ಅಬ್‌ಸ್ಟ್ರಾಕ್ಟ್ ಎಲಿಮೆಂಟ್‌ನ ಜಾಗದಲ್ಲಿ ಕೂರುವಂಥದ್ದು. ಅಲ್ಲಿ ಒಳಗಿರುವುದು ಒಂದು ಮೊತ್ತ, ಒಂದು ದಿನಾಂಕ. ಮೊದಲು ಕೊನೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ತಾಪತ್ರಯವೆಲ್ಲ ಮನುಷ್ಯರು ಮೇಲಿಂದ ಕೆಳಗೆ ಓದುವ ಪಠ್ಯದ್ದು.

ಇನ್ನು ‘ನಿಜವಾದ ಆಬ್ಜೆಕ್ಟ್ ಓರಿಯೆಂಟೆಡ್ ಸ್ಕೀಮಾ ಭಾಷೆ’ ಇದೆಯೇ ಎಂಬ ಪ್ರಶ್ನೆ. ಆ ಆಸೆ ನಿಮಗೆ ಮೊದಲು ಹುಟ್ಟಿದ್ದೇನಲ್ಲ. 1986ರಲ್ಲಿ ಎಕ್ಸ್‌ಎಂಎಲ್‌ನ ಪೂರ್ವಜ ಎಸ್‌ಜಿಎಂಎಲ್ ಐಎಸ್‌ಒ ಮಾನದಂಡವಾದಾಗ ಇದ್ದದ್ದು ಡಿಟಿಡಿ ಎಂಬ ಸ್ಕೀಮಾ ರೂಪ ಒಂದೇ, ಅದರಲ್ಲಿ ಕ್ಲಾಸ್ ಎಂಬ ಕಲ್ಪನೆಯೇ ಇಲ್ಲ. ಜನ ಪ್ಯಾರಾಮೀಟರ್ ಎಂಟಿಟಿ ಎಂಬ ಪಠ್ಯ ಬದಲಾವಣೆಯ ಉಪಾಯದಿಂದಲೇ ಕ್ಲಾಸ್‌ನ ಕೆಲಸ ಮಾಡಿಸಿಕೊಂಡರು. ತಾಂತ್ರಿಕ ಪುಸ್ತಕಗಳಿಗೆ ಬಳಸುವ ಡಾಕ್‌ಬುಕ್‌ನ ಹಳೆಯ ಡಿಟಿಡಿ ತೆರೆದರೆ ಪ್ರತಿ ಗುಂಪಿನ ಪಕ್ಕದಲ್ಲಿ ಒಂದು ಖಾಲಿ ಎಂಟಿಟಿ ಕಾಣುತ್ತದೆ, ಹೆಸರು ‘ಲೋಕಲ್’ ಎಂದು ಶುರುವಾಗುತ್ತದೆ. ಅದೇ ಹೆಸರನ್ನು ನೀವು ಮೊದಲೇ ಡಿಕ್ಲೇರ್ ಮಾಡಿ, ಲಂಬಗೆರೆಯೊಂದಿಗೆ ನಿಮ್ಮ ಎಲಿಮೆಂಟ್‌ನ ಹೆಸರು ತುಂಬಿಟ್ಟರೆ ಮುಗಿಯಿತು. ಒಂದೇ ಎಂಟಿಟಿಗೆ ಎರಡು ಡಿಕ್ಲರೇಶನ್ ಇದ್ದರೆ ಮೊದಲನೆಯದೇ ಗೆಲ್ಲುತ್ತದೆ ಎಂಬ ನಿಯಮದ ಬಲದಿಂದ ಆ ಗುಂಪು ಬರುವೆಡೆಯಲ್ಲೆಲ್ಲ ನಿಮ್ಮ ಎಲಿಮೆಂಟ್‌ಗೂ ಜಾಗ ಸಿಗುತ್ತದೆ. ಒರಟು ಉಪಾಯವೇ, ಆದರೆ ಗಟ್ಟಿಯಾಗಿ ಬಾಳಿತು.

ಸೈದ್ಧಾಂತಿಕವಾಗಿ ಮೊದಲ ದೊಡ್ಡ ಹೆಜ್ಜೆ ಇಟ್ಟದ್ದು ಹೈಟೈಮ್, 1992ರ ಐಎಸ್‌ಒ ಮಾನದಂಡ. ಅದರ ಆರ್ಕಿಟೆಕ್ಚರಲ್ ಫಾರ್ಮ್ ಎಂಬ ಕಲ್ಪನೆ ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಚುರುಕಾದದ್ದು. ನಿಮ್ಮ ಎಲಿಮೆಂಟ್‌ಗೆ ಹೆಸರು ಏನೇ ಇರಲಿ, ಬದಲಾಯಿಸಲಾಗದ ಒಂದು ಅಟ್ರಿಬ್ಯೂಟ್‌ನಲ್ಲಿ (ಟ್ಯಾಗ್‌ನೊಳಗೇ ಹೆಸರು, ಬೆಲೆಯಾಗಿ ಬರೆಯುವ ಗುಣ) ‘ಇದು ಆ ಆರ್ಕಿಟೆಕ್ಚರ್‌ನ ಲಿಂಕ್’ ಎಂದು ಬರೆದಿಡಿ. ಆ ಆರ್ಕಿಟೆಕ್ಚರ್ ಬಲ್ಲ ಸಾಫ್ಟ್‌ವೇರ್ ಅದನ್ನು ಲಿಂಕ್ ಎಂದೇ ನಡೆಸಿಕೊಳ್ಳುತ್ತದೆ. ಎರಡು ಆರ್ಕಿಟೆಕ್ಚರ್‌ಗೆ ಸೇರಬೇಕೆ? ಎರಡು ಅಟ್ರಿಬ್ಯೂಟ್ ಇಡಿ. ಮಲ್ಟಿಪಲ್ ಇನ್‌ಹೆರಿಟೆನ್ಸ್‌ನ ಜಗಳವೇ ಇಲ್ಲ, ಏಕೆಂದರೆ ಕಂಟೆಂಟ್ ಮಾಡೆಲ್ ಯಾರಿಂದಲೂ ಇಳಿದುಬರುವುದಿಲ್ಲ. ಜೇಮ್ಸ್ ಕ್ಲಾರ್ಕ್ ಅವರ ಎಸ್‌ಪಿ ಪಾರ್ಸರ್ ಇದನ್ನು ಮಾಡಿ ತೋರಿಸಿತು. ಮಾನದಂಡದ ಪುಸ್ತಕ ಮಾತ್ರ ಓದುವವರ ತಾಳ್ಮೆ ಪರೀಕ್ಷಿಸುವಂತಿತ್ತು. ಕಲ್ಪನೆ ಹೆಚ್ಚು ಜನರಿಗೆ ತಲುಪದಿರಲು ಅದೂ ಒಂದು ಕಾರಣ.

ಎಕ್ಸ್‌ಎಂಎಲ್ ಬಂದ 1998ರಲ್ಲೇ ವೀಯೋ ಸಿಸ್ಟಮ್ಸ್ ಕಂಪನಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿಗೆ ಎಸ್‌ಒಎಕ್ಸ್ ಎಂಬ ಪ್ರಸ್ತಾವ ಕೊಟ್ಟಿತು. ಅದರ ಹೆಸರಿನಲ್ಲೇ ‘ಆಬ್ಜೆಕ್ಟ್ ಓರಿಯೆಂಟೆಡ್’ ಎಂದಿತ್ತು. ಎಕ್ಸ್‌ಟೆಂಡ್ಸ್, ಬೇಸ್ ಕೇಳಿದ ಕಡೆ ಸಬ್‌ಟೈಪ್ ಇಡುವ ಪಾಲಿಮಾರ್ಫಿಸಂ ಎಲ್ಲವೂ ಅದರಲ್ಲಿತ್ತು. ನೀವು ಕೇಳುತ್ತಿರುವ ಭಾಷೆಗೆ ಬಹುಶಃ ಅದೇ ಹತ್ತಿರ. ಆದರೆ ಅದು ವ್ಯಾಪಾರದ ದಾಖಲೆಗಳನ್ನು, ಅಂದರೆ ಆರ್ಡರ್, ಇನ್‌ವಾಯ್ಸ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ್ದು. ಆ ಆಸೆಗಳೆಲ್ಲ ಕೊನೆಗೆ ಸೇರಿದ್ದು 2001ರ ಮೇ ತಿಂಗಳಲ್ಲಿ ಹೊರಬಂದ ಎಕ್ಸ್‌ಎಸ್‌ಡಿಯಲ್ಲಿ. ಉಳಿದ ಪ್ರಸ್ತಾವಗಳ ಕತೆ ಇಲ್ಲಿ ಬೇಡ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಜೇಮ್ಸ್ ಕ್ಲಾರ್ಕ್ ಮತ್ತು ಮುರಾತಾ ಮಕೋತೊ ಸೇರಿ ರಿಲ್ಯಾಕ್ಸ್ ಎನ್‌ಜಿ ತಂದರು. ಇನ್‌ಹೆರಿಟೆನ್ಸ್ ಅನ್ನು ಅವರು ಮರೆತು ಬಿಟ್ಟದ್ದಲ್ಲ, ಬೇಕೆಂದೇ ಹೊರಗಿಟ್ಟದ್ದು. ಭಾಷೆಯ ಕೆಲಸ ಒಂದೇ: ಈ ದಾಖಲೆ ಈ ಗಣದಲ್ಲಿದೆಯೇ ಇಲ್ಲವೇ ಹೇಳುವುದು. ಅದು ದಾಖಲೆಗೆ ಟೈಪ್‌ನ ಹೆಸರು ಅಂಟಿಸುವುದಿಲ್ಲ, ಡೀಫಾಲ್ಟ್ ಅಟ್ರಿಬ್ಯೂಟ್ ತುಂಬುವುದಿಲ್ಲ. ಬದಲಿಗೆ ಒಂದೇ ಹೆಸರಿನ ಎರಡು ವ್ಯಾಖ್ಯೆಗಳನ್ನು ‘ಇದು ಅಥವಾ ಅದು’ ಎಂದೋ, ‘ಇದೂ ಅದೂ, ಯಾವ ಕ್ರಮದಲ್ಲಾದರೂ’ ಎಂದೋ ಕೂಡಿಸಲು ಬಿಡುತ್ತದೆ. ‘ಇನ್‌ಹೆರಿಟೆನ್ಸೇ ಇಲ್ಲ’ ಎಂದು ನೀವು ಬೇಸರಪಟ್ಟ ಭಾಷೆಯಲ್ಲಿ ಇರುವ ಈ ಒಂದು ಸೌಕರ್ಯ ನಿಮಗೆ ಎಕ್ಸ್‌ಎಸ್‌ಡಿಯ ಎಲ್ಲ ಟೈಪ್‌ಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇದನ್ನು ದಾಖಲೆಲೋಕದವರು ಬಹಳ ಮೊದಲೇ ಕಂಡುಕೊಂಡಿದ್ದರು. ಹಸ್ತಪ್ರತಿ, ನಾಟಕ, ಶಾಸನ, ನಿಘಂಟುಗಳನ್ನು ಗುರುತು ಮಾಡುವ ಟಿಇಐ ಮಾರ್ಗಸೂಚಿಗಳಲ್ಲಿ ಎರಡು ಬಗೆಯ ಕ್ಲಾಸ್‌ಗಳಿವೆ. ಒಂದು ಮಾಡೆಲ್ ಕ್ಲಾಸ್: ‘ಪ್ಯಾರಾದಂಥವು’ ಎಂಬ ಗುಂಪಿಗೆ ಒಂದು ಎಲಿಮೆಂಟ್ ಸೇರಿದರೆ ಪ್ಯಾರಾ ಬರಬಹುದಾದ ಕಡೆಯಲ್ಲೆಲ್ಲ ಅದೂ ಬರಬಹುದು. ಇನ್ನೊಂದು ಅಟ್ರಿಬ್ಯೂಟ್ ಕ್ಲಾಸ್: ಸದಸ್ಯರಿಗೆಲ್ಲ ಆ ಅಟ್ರಿಬ್ಯೂಟ್‌ಗಳು ಸಿಗುತ್ತವೆ. ಒಂದು ಎಲಿಮೆಂಟ್ ಎಷ್ಟು ಕ್ಲಾಸ್‌ಗೆ ಬೇಕಾದರೂ ಸೇರಬಹುದು. ಒಳಗೆ ಏನಿರಬೇಕು ಎಂಬುದನ್ನು ಮಾತ್ರ ಪ್ರತಿ ಎಲಿಮೆಂಟ್ ತಾನೇ ಹೇಳಿಕೊಳ್ಳುತ್ತದೆ. ಅಂದರೆ ಎಲ್ಲಿ ಬರಬಹುದು ಎಂಬುದು ಪಿತ್ರಾರ್ಜಿತ, ಒಳಗೇನಿದೆ ಎಂಬುದು ಸ್ವಯಾರ್ಜಿತ. 2007ರ ಪಿ5 ಆವೃತ್ತಿಯಿಂದ ಟಿಇಐ ಪೂರ್ತಿಯಾಗಿ ಈ ವ್ಯವಸ್ಥೆಯ ಮೇಲೆ ನಿಂತಿದೆ. ಶಾಸನಗಳಿಗೆಂದೇ ಅದನ್ನು ಹೊಂದಿಸಿಕೊಂಡ ಎಪಿಡಾಕ್ ಕೂಡ ಅದೇ ಬುನಾದಿಯದು.

ನಿಮ್ಮ ಕ್ಷೇತ್ರಕ್ಕೆ ಇನ್ನೂ ಹತ್ತಿರದ್ದು ಡಿಟಾ. ಐಬಿಎಂ ಒಳಗೆ ಹುಟ್ಟಿ, 2005ರಲ್ಲಿ ಓಯಾಸಿಸ್ ಸಂಸ್ಥೆಯ ಮಾನದಂಡವಾದದ್ದು, ತಾಂತ್ರಿಕ ಕೈಪಿಡಿಗಳಿಗೆಂದೇ ಮಾಡಿದ್ದು. ಆರ್ಕಿಟೆಕ್ಚರಲ್ ಫಾರ್ಮ್‌ನ ಕಲ್ಪನೆಯನ್ನು ಅದು ಒಂದೇ ಅಟ್ರಿಬ್ಯೂಟ್‌ಗೆ ಇಳಿಸಿತು. ಪ್ರತಿ ಎಲಿಮೆಂಟ್ ತನ್ನ ವಂಶಾವಳಿಯನ್ನು ಕ್ಲಾಸ್ ಅಟ್ರಿಬ್ಯೂಟ್‌ನಲ್ಲಿ ಹೊತ್ತು ತಿರುಗುತ್ತದೆ, ಎಡಕ್ಕೆ ಅಜ್ಜ, ಬಲಕ್ಕೆ ತಾನು. ಡಿಟಾದಲ್ಲಿ ಸ್ಟೆಪ್ ಎಂಬುದು ಸಾಮಾನ್ಯ ಪಟ್ಟಿಯ ಅಂಶದ ಸ್ಪೆಷಲೈಸೇಶನ್. ಸ್ಟೆಪ್ ಎಂದರೇನೆಂದೇ ತಿಳಿಯದ ಸ್ಟೈಲ್‌ಶೀಟ್ ಕೂಡ ಅದನ್ನು ಪಟ್ಟಿಯ ಅಂಶವೆಂದು ಅಚ್ಚುಕಟ್ಟಾಗಿ ಮುದ್ರಿಸುತ್ತದೆ. ಷರತ್ತು ಕಟ್ಟುನಿಟ್ಟು: ಸ್ಪೆಷಲೈಸ್ ಮಾಡಿದ ಎಲಿಮೆಂಟ್‌ಗಳ ಹೆಸರನ್ನೆಲ್ಲ ಬೇಸ್‌ನ ಹೆಸರಿಗೆ ಹಿಂತಿರುಗಿಸಿದರೆ ದಾಖಲೆ ಬೇಸ್ ಸ್ಕೀಮಾಕ್ಕೆ ಹೊಂದಲೇಬೇಕು. ಅದಕ್ಕೆ ಜನರಲೈಸೇಶನ್ ಎನ್ನುತ್ತಾರೆ. ಬೇಸ್ ಬಿಟ್ಟದ್ದನ್ನು ನೀವು ಬಿಗಿ ಮಾಡಬಹುದು, ಬಿಡದ್ದನ್ನು ಸೇರಿಸುವಂತಿಲ್ಲ. ಲಿಸ್ಕೋವ್ ಅವರ ಷರತ್ತು ದಾಖಲೆಗೆ ಹೊಂದುವಂತೆ ಬರೆದರೆ ಹೀಗೇ ಇರುತ್ತದೆ.

ಈಗ ನಿಮ್ಮ ‘ಎಚ್ಚರಿಕೆ’ಗೆ ಮರಳೋಣ. ಸೇರಿಸುವಂತಿಲ್ಲ ಎಂದರೆ ‘ಅಪಾಯ’ ಎಲ್ಲಿ ಹೋಗಬೇಕು? ‘ಅಪಾಯ’ ಎಂಬುದು ಹೊಸತೇನೂ ಅಲ್ಲ, ವಿಶೇಷ ಬಗೆಯ ಪ್ಯಾರಾ. ಹಾಗೆಂದು ಒಪ್ಪಿಕೊಂಡ ಕೂಡಲೇ ಗಂಟು ಬಿಚ್ಚಿಕೊಳ್ಳುತ್ತದೆ:

<ಎಚ್ಚರಿಕೆ ಕ್ಲಾಸ್="- ಮೂಲ/ಸೂಚನೆ ಕೈಪಿಡಿ/ಎಚ್ಚರಿಕೆ ">
  <ಶೀರ್ಷಿಕೆ ಕ್ಲಾಸ್="- ಮೂಲ/ಶೀರ್ಷಿಕೆ ">ಫ್ಯೂಸ್ ಪರೀಕ್ಷೆ</ಶೀರ್ಷಿಕೆ>
  <ಅಪಾಯ ಕ್ಲಾಸ್="- ಮೂಲ/ಪ್ಯಾರಾ ಕೈಪಿಡಿ/ಅಪಾಯ ">ಮೇನ್ ಸ್ವಿಚ್ ಆಫ್ ಮಾಡಿರದಿದ್ದರೆ ಶಾಕ್ ಹೊಡೆಯುತ್ತದೆ.</ಅಪಾಯ>
  <ಪ್ಯಾರಾ ಕ್ಲಾಸ್="- ಮೂಲ/ಪ್ಯಾರಾ ">ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳ ತೆಗೆದು ಫ್ಯೂಸ್ ಹೊರಗೆಳೆಯಿರಿ.</ಪ್ಯಾರಾ>
</ಎಚ್ಚರಿಕೆ>

ಜನರಲೈಸ್ ಮಾಡಿದರೆ ಒಂದು ಶೀರ್ಷಿಕೆ, ಎರಡು ಪ್ಯಾರಾ: ಚೊಕ್ಕ ‘ಸೂಚನೆ’. ಹಳೆಯ ಸ್ಟೈಲ್‌ಶೀಟ್‌ಗೆ ಏನೂ ಗೊತ್ತಿಲ್ಲದಿದ್ದರೂ ಅಪಾಯದ ಮಾತು ಸರಿಯಾದ ಜಾಗದಲ್ಲಿ, ಪ್ಯಾರಾದ ರೂಪದಲ್ಲಿ ಅಚ್ಚಾಗುತ್ತದೆ. ಹೊಸ ಸ್ಟೈಲ್‌ಶೀಟ್ ಅದನ್ನು ಕೆಂಪು ಚೌಕಟ್ಟಿನಲ್ಲಿ ಹಾಕುತ್ತದೆ. ಎಕ್ಸ್‌ಟೆನ್ಷನ್ ಎಂದು ನೀವು ಅಂದುಕೊಂಡಿದ್ದು ನಿಜದಲ್ಲಿ ರಿಸ್ಟ್ರಿಕ್ಷನ್ ಆಗಿತ್ತು: ‘ಎಚ್ಚರಿಕೆ ಎಂಬ ಸೂಚನೆಯಲ್ಲಿ ಮೊದಲ ಪ್ಯಾರಾ ಅಪಾಯವನ್ನೇ ಹೇಳಬೇಕು, ಅದರಾಚೆ ಕನಿಷ್ಠ ಒಂದು ಪ್ಯಾರಾ ಇರಬೇಕು.’ ಸಬ್‌ಟೈಪ್‌ನಲ್ಲಿ ಹೊಸದೇನೋ ಬೇಕು ಎನಿಸಿದಾಗಲೆಲ್ಲ ಮೊದಲು ಇದನ್ನೇ ಕೇಳಿಕೊಳ್ಳಿ: ಇದು ಬೇಸ್‌ನಲ್ಲಿರುವ ಯಾವುದರ ವಿಶೇಷ ರೂಪ? ಕೈಪಿಡಿಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿಗದಿರುವುದು ಅಪರೂಪ.

ಸಿಗದಿದ್ದಾಗ? ಡಿಟಾ ತೆತ್ತ ಬೆಲೆ ಅಲ್ಲಿ ಕಾಣುತ್ತದೆ. ಬಿಗಿ ಮಾಡಲು ಮಾತ್ರ ಬರುವುದರಿಂದ ಬೇಸ್ ಸಡಿಲವಾಗಿರಬೇಕು. ಸ್ಪೆಷಲೈಸ್ ಮಾಡುವವರಿಗೆ ನೇತುಹಾಕಲು ಗೂಟವಿರಲಿ ಎಂಬ ಕಾರಣಕ್ಕೇ ಡಿಟಾ ಒಂದಾದ ಮೇಲೊಂದು ಅರ್ಥವಿಲ್ಲದ ಎಲಿಮೆಂಟ್‌ಗಳನ್ನು ಬೇಸ್‌ಗೆ ಸೇರಿಸುತ್ತ ಬಂದಿತು. 2010ರ 1.2 ಆವೃತ್ತಿಯ ಬಾಡಿಡಿವ್, ಸೆಕ್ಷನ್‌ಡಿವ್ ಅಂಥವು. ನೇರವಾಗಿ ಬೇಸ್‌ನಲ್ಲೇ ಬರೆಯಲು ಕೂತವರಿಗೆ ಇದು ಎಲ್ಲವನ್ನೂ ಒಪ್ಪುವ, ಏನನ್ನೂ ತಿದ್ದದ ಸ್ಕೀಮಾ ಎನಿಸುತ್ತದೆ. ಆದ್ದರಿಂದ ಬರೆಯುವವರ ಕೈಗೆ ಬೇಸ್ ಕೊಡಲೇಬೇಡಿ. ವಂಶಾವಳಿಯನ್ನೂ ಉದ್ದ ಮಾಡಬೇಡಿ: ಬೇಸ್, ಅದರ ಕೆಳಗೆ ಕೈಪಿಡಿ, ತೀರಾ ಬೇಕಿದ್ದರೆ ಒಂದು ಯಂತ್ರದ ಬಗೆ. ಅದಕ್ಕೂ ಆಳ ಹೋದರೆ ಯಾವ ನಿಯಮ ಎಲ್ಲಿಂದ ಬಂತು ಎಂದು ಹುಡುಕುವುದರಲ್ಲೇ ಸಂಜೆಯಾಗುತ್ತದೆ.

ರಿಲ್ಯಾಕ್ಸ್ ಎನ್‌ಜಿ ಮೇಲೆ ಪದರ ಕಟ್ಟಬೇಕೆ ಎಂದಿರಿ. ಬೇಡ. ಹೆಸರಿಡುವ ಶಿಸ್ತೊಂದೇ ಸಾಕು. ಅದರ ಕಾಂಪ್ಯಾಕ್ಟ್ ಸಿಂಟ್ಯಾಕ್ಸ್‌ನಲ್ಲಿ, ಅಂದರೆ ಟ್ಯಾಗ್ ಇಲ್ಲದ ಚುಟುಕು ಬರಹದಲ್ಲಿ, ಬೇಸ್ ಫೈಲ್‌ನಲ್ಲಿ ಗುಂಪುಗಳನ್ನು ಮಾತ್ರ ಹೆಸರಿಸಿ, ಕಂಟೆಂಟ್ ಮಾಡೆಲ್‌ಗಳು ಎಲಿಮೆಂಟ್‌ಗಳ ಬದಲು ಆ ಗುಂಪುಗಳನ್ನೇ ಕರೆಯಲಿ. ಕೈಪಿಡಿಯ ಫೈಲ್‌ನಲ್ಲಿ ಇಷ್ಟು (|= ಎಂದರೆ ‘ಇದು ಅಥವಾ ಅದು’, &= ಎಂದರೆ ‘ಇದೂ ಅದೂ’):

ಸೂಚನೆ.ಗುಂಪು |= ಎಚ್ಚರಿಕೆ
ಸೂಚನೆ.ಗುಂಪು |= ಸಲಹೆ
ಎಚ್ಚರಿಕೆ.ಒಡಲು = ಶೀರ್ಷಿಕೆ, ಅಪಾಯ, ಪ್ಯಾರಾ+
ಸಾಮಾನ್ಯ.ಗುಣ &= ಯಂತ್ರ.ಮಾದರಿ?

ಮೊದಲೆರಡು ಸಾಲು ಟಿಇಐನ ಮಾಡೆಲ್ ಕ್ಲಾಸ್‌ನ ಕೆಲಸ ಮಾಡುತ್ತವೆ: ಸೂಚನೆ ಬರಬಹುದಾದ ಕಡೆಯಲ್ಲೆಲ್ಲ ಎಚ್ಚರಿಕೆಗೂ ಪ್ರವೇಶ. ಮೂರನೆಯದು ಸ್ವಯಾರ್ಜಿತ. ಕೊನೆಯ ಸಾಲು ಎಲ್ಲ ಎಲಿಮೆಂಟ್‌ಗಳಿಗೂ ಒಂದು ಐಚ್ಛಿಕ ಅಟ್ರಿಬ್ಯೂಟ್ ಕೊಡುತ್ತದೆ. ಅಟ್ರಿಬ್ಯೂಟ್‌ಗಳಿಗೆ ಕ್ರಮವಿಲ್ಲ, ಹಾಗಾಗಿ ಅವುಗಳ ವಿಷಯದಲ್ಲಿ ಜಾವಾದ ರೂಢಿ ತಕರಾರಿಲ್ಲದೆ ಒಗ್ಗುತ್ತದೆ. ಈ ಅಟ್ರಿಬ್ಯೂಟನ್ನು ಬೇಸ್ ಫೈಲ್‌ನಲ್ಲೇ ಒಪ್ಪಿಕೊಂಡಿದ್ದರೆ ಜನರಲೈಸೇಶನ್‌ಗೂ ಅಡ್ಡಿಯಿಲ್ಲ.

ಎಡವುವ ಜಾಗಗಳು ಕೆಲವಿವೆ. ಕ್ಲಾಸ್‌ನ ಬೆಲೆಯ ಕೊನೆಗೆ, ಉದ್ಧರಣ ಚಿಹ್ನೆಯ ಮೊದಲು ಒಂದು ಸ್ಪೇಸ್ ಬಿಟ್ಟಿರುವುದನ್ನು ಗಮನಿಸಿದಿರಾ? ಸ್ಟೈಲ್‌ಶೀಟ್ ಬರೆಯುವ ಎಕ್ಸ್‌ಎಸ್‌ಎಲ್‌ಟಿ ಭಾಷೆಯಲ್ಲಿ ಹುಡುಕುವುದು ಕಂಟೇನ್ಸ್ ಫಂಕ್ಷನ್‌ನಿಂದ, ಅದು ಬರೀ ಅಕ್ಷರ ಹೋಲಿಕೆ. ಎರಡೂ ಕಡೆ ಸ್ಪೇಸ್ ಇಟ್ಟು ‘ ಮೂಲ/ಹಂತ ’ ಎಂದೇ ಹುಡುಕಬೇಕು. ಸ್ಪೇಸ್ ಬಿಟ್ಟರೆ ‘ಮೂಲ/ಹಂತ’ ಎಂಬುದು ‘ಮೂಲ/ಹಂತಗಳು’ ಒಳಗೂ ಸಿಕ್ಕುತ್ತದೆ. ಪಟ್ಟಿಯ ಹೊರ ಎಲಿಮೆಂಟ್‌ಗೂ ಸಂಖ್ಯೆ ಬೀಳುತ್ತದೆ. ಬಹುವಚನಕ್ಕೆ ‘ಗಳು’ ಸೇರಿಸುವ ಕನ್ನಡದಲ್ಲಿ ಹೆಸರಿಟ್ಟವರಿಗೆ ಇದು ಮೊದಲ ದಿನವೇ ಕಾಡುತ್ತದೆ. ವೆಬ್ ಪುಟಗಳ ವಿನ್ಯಾಸ ಹೇಳುವ ಸಿಎಸ್‌ಎಸ್‌ನಲ್ಲಿ ಟಿಲ್ಡೆ ಚಿಹ್ನೆಯ ಅಟ್ರಿಬ್ಯೂಟ್ ಸೆಲೆಕ್ಟರ್ ಇಡೀ ಪದವನ್ನೇ ಹೋಲಿಸುವುದರಿಂದ ಅಲ್ಲಿ ಈ ರಗಳೆಯಿಲ್ಲ.

ಇದಕ್ಕಿಂತ ಮೋಸದ್ದು ಇನ್ನೊಂದು. ಆ ವಂಶಾವಳಿಯನ್ನು ಬರೆಯುವವರು ಟೈಪ್ ಮಾಡುವುದಿಲ್ಲ, ಸ್ಕೀಮಾದ ಡೀಫಾಲ್ಟ್ ಆಗಿ ಬರುತ್ತದೆ. ಡಿಟಿಡಿ ಇದ್ದರೆ ಪಾರ್ಸರ್ ತುಂಬಿಕೊಡುತ್ತದೆ. ರಿಲ್ಯಾಕ್ಸ್ ಎನ್‌ಜಿ ತಾನಾಗಿ ತುಂಬುವುದಿಲ್ಲ ಎಂದೆನಲ್ಲ, ಅದಕ್ಕೆ ಡಿಟಿಡಿ ಕಂಪ್ಯಾಟಿಬಿಲಿಟಿ ಎಂಬ ಪ್ರತ್ಯೇಕ ಉಪಮಾನದಂಡವಿದೆ. ಡಿಟಾ 1.3ರ ರಿಲ್ಯಾಕ್ಸ್ ಎನ್‌ಜಿ ಫೈಲ್‌ಗಳು ಅದನ್ನೇ ಬಳಸುತ್ತವೆ. ನಿಮ್ಮ ಎಡಿಟರ್ ಅದನ್ನು ಬಲ್ಲದ್ದಾದರೂ ಸರ್ವರ್‌ನಲ್ಲಿರುವ ಪಾರ್ಸರ್ ಬಲ್ಲದು ಎಂಬ ಭರವಸೆಯಿಲ್ಲ. ಅರಿಯದಿದ್ದರೆ ಯಾವ ಎರರ್ ಕೂಡ ಬರುವುದಿಲ್ಲ, ಸ್ಟೈಲ್‌ಶೀಟ್‌ನ ಒಂದು ಟೆಂಪ್ಲೇಟೂ (ಒಂದು ಬಗೆಯ ಎಲಿಮೆಂಟ್‌ಗೆಂದು ಬರೆದ ನಿಯಮ) ಹೊಂದದೆ ಖಾಲಿ ವಿನ್ಯಾಸದ ಪುಟ ಬರುತ್ತದೆ. ಹಾಗಾಗಿ ಬಿಲ್ಡ್‌ನ, ಅಂದರೆ ದಾಖಲೆಯಿಂದ ಕೈಪಿಡಿ ತಯಾರಿಸುವ ಸರಣಿಯ, ಮೊದಲ ಹೆಜ್ಜೆಯಲ್ಲೇ ಕ್ಲಾಸ್ ಅಟ್ರಿಬ್ಯೂಟ್‌ಗಳನ್ನು ದಾಖಲೆಯೊಳಗೆ ನೇರವಾಗಿ ಬರೆದುಬಿಡಿ, ಮುಂದಿನ ಹೆಜ್ಜೆಗಳು ಸ್ಕೀಮಾ ಮುಟ್ಟದೆಯೇ ನಡೆಯಲಿ.

ಇನ್ನೊಂದು ಹೆಜ್ಜೆಯನ್ನೂ ಬಿಲ್ಡ್‌ಗೆ ಸೇರಿಸಿ. ಕೈಪಿಡಿ ಸ್ಕೀಮಾ ಬೇಸ್‌ನ ಉಪಗಣವೇ ಎಂದು ರಿಲ್ಯಾಕ್ಸ್ ಎನ್‌ಜಿ ವ್ಯಾಲಿಡೇಟರ್ ಪರೀಕ್ಷಿಸುವುದಿಲ್ಲ. ಗಣಿತದ ಪ್ರಕಾರ ಅದನ್ನು ನಿರ್ಧರಿಸಬಹುದು, ಆದರೆ ದುಬಾರಿ ಲೆಕ್ಕ. ಕೆಲಸಕ್ಕೆ ಸಾಕಾಗುವಷ್ಟು ಹೀಗೆ ಮಾಡಿ: ಕ್ಲಾಸ್ ಅಟ್ರಿಬ್ಯೂಟ್‌ನ ಮೊದಲ ಹೆಸರನ್ನು ತೆಗೆದು ಎಲಿಮೆಂಟ್‌ಗೆ ಅದನ್ನೇ ಇಡುವ ಪುಟ್ಟ ಎಕ್ಸ್‌ಎಸ್‌ಎಲ್‌ಟಿ ಬರೆಯಿರಿ, ಪ್ರತಿ ಕೈಪಿಡಿಯನ್ನೂ ಅದರಲ್ಲಿ ಹಾಯಿಸಿ ಬೇಸ್ ಸ್ಕೀಮಾದಿಂದ ವ್ಯಾಲಿಡೇಟ್ ಮಾಡಿ. ಯಾರೋ ಅರಿಯದೆ ಎಕ್ಸ್‌ಟೆನ್ಷನ್ ನುಗ್ಗಿಸಿದರೆ, ಅದನ್ನು ಬಳಸಿದ ಮೊದಲ ಕೈಪಿಡಿಯಲ್ಲೇ ಸಿಕ್ಕಿಬೀಳುತ್ತದೆ. ‘ಅಪಾಯದ ಮಟ್ಟ ಪ್ರಾಣಾಂತಿಕ ಎಂದಿದ್ದರೆ ಚಿತ್ರಸಂಕೇತ ಇರಲೇಬೇಕು’ ಎಂಬಂಥ ನಿಯಮಗಳನ್ನು ಸ್ಕೀಮಾದೊಳಗೆ ತುರುಕಲು ಹೋಗಬೇಡಿ. ಅವಕ್ಕೆ ಸ್ಕೀಮಾಟ್ರಾನ್ ಎಂಬ ನಿಯಮ ಪರೀಕ್ಷೆಯ ಭಾಷೆ ಇದೆ, ಅಬ್‌ಸ್ಟ್ರಾಕ್ಟ್ ರೂಲ್ ಎಂಬ ಪುಟ್ಟ ಇನ್‌ಹೆರಿಟೆನ್ಸ್ ಅದರಲ್ಲೂ ಇದೆ.

ಜಾವಾದವರಿಗೆ ಸಹಜವಾಗಿ ಏಳುವ ಪ್ರಶ್ನೆ: ಕ್ಲಾಸ್ ಏನೋ ಸಿಕ್ಕಿತು, ಮೆಥಡ್ ಎಲ್ಲಿ? ಮೆಥಡ್‌ಗಳು ಸ್ಟೈಲ್‌ಶೀಟ್‌ನಲ್ಲಿವೆ. ಅಪ್ಲೈ ಟೆಂಪ್ಲೇಟ್ಸ್ ಎಂದರೆ ಪಾಲಿಮಾರ್ಫಿಕ್ ಕರೆ, ಹೆಚ್ಚು ವಿಶೇಷವಾದ ಟೆಂಪ್ಲೇಟ್ ಎಂದರೆ ಓವರ್‌ರೈಡ್. 2007ರ ಎಕ್ಸ್‌ಎಸ್‌ಎಲ್‌ಟಿ 2.0ದ ನೆಕ್ಸ್ಟ್ ಮ್ಯಾಚ್ ಜಾವಾದ ಸೂಪರ್‌ಗೆ ಸಮ. ‘ಎಚ್ಚರಿಕೆ’ಯ ಟೆಂಪ್ಲೇಟ್ ಕೆಂಪು ಚೌಕಟ್ಟು ಹಾಕಿ, ಒಳಗಿನ ಕೆಲಸವನ್ನು ನೆಕ್ಸ್ಟ್ ಮ್ಯಾಚ್ ಮೂಲಕ ‘ಸೂಚನೆ’ಯ ಟೆಂಪ್ಲೇಟ್‌ಗೆ ಬಿಟ್ಟುಬಿಡಲಿ. ಆದ್ಯತೆಯ ಅಂಕಿಗಳನ್ನು ಮಾತ್ರ ನೀವೇ ಕೊಡಬೇಕು. ಎರಡೂ ಟೆಂಪ್ಲೇಟ್‌ಗಳ ಹೋಲಿಕೆ ಒಂದೇ ಬಗೆಯದಾದ್ದರಿಂದ ಯಾವುದು ಮಗ, ಯಾವುದು ಅಪ್ಪ ಎಂಬುದು ಪ್ರೊಸೆಸರ್‌ಗೆ ಹೊಳೆಯುವುದಿಲ್ಲ. ಎಕ್ಸ್‌ಎಸ್‌ಡಿಯ ಸಬ್‌ಸ್ಟಿಟ್ಯೂಷನ್ ಗ್ರೂಪನ್ನೇ ನೇರವಾಗಿ ಹೋಲಿಸುವ ಸೌಲಭ್ಯವೂ ಎಕ್ಸ್‌ಎಸ್‌ಎಲ್‌ಟಿ 2.0ದಲ್ಲಿ ಇದೆ. ಆದರೆ ಅದಕ್ಕೆ ಸ್ಕೀಮಾ ಬಲ್ಲ ಪ್ರೊಸೆಸರ್ ಬೇಕು. ಸ್ಯಾಕ್ಸನ್ ಎಂಬ ಎಕ್ಸ್‌ಎಸ್‌ಎಲ್‌ಟಿ ಪ್ರೊಸೆಸರ್‌ನಲ್ಲಿ ಅದಿರುವುದು ಹಣ ಕೊಟ್ಟು ಪಡೆಯುವ ಆವೃತ್ತಿಯಲ್ಲಿ. ಅಟ್ರಿಬ್ಯೂಟ್‌ನಲ್ಲಿರುವ ಒಂದು ಸಾಲು ಪಠ್ಯವನ್ನಾದರೆ ಯಾವ ಸಾಫ್ಟ್‌ವೇರ್ ಬೇಕಾದರೂ ಓದುತ್ತದೆ, ಡಿಟಾ ಬದುಕಿದ್ದು ಅದರಿಂದಲೇ ಎಂಬುದು ನನ್ನ ಅಭಿಪ್ರಾಯ.

ಕೊನೆಯದಾಗಿ ಜಾವಾ ಕ್ಲಾಸ್‌ಗಳನ್ನು ಜನರೇಟ್ ಮಾಡುವ ವಿಚಾರ. ಕೈಪಿಡಿಯ ಸ್ಕೀಮಾದಿಂದ ಬೇಡವೇ ಬೇಡ. ಪಠ್ಯದ ನಡುನಡುವೆ ಎಲಿಮೆಂಟ್ ಬರುವ ಮಿಕ್ಸ್ಡ್ ಕಂಟೆಂಟನ್ನು, ಸ್ಕೀಮಾದಿಂದ ಜಾವಾ ಕ್ಲಾಸ್ ಮಾಡಿಕೊಡುವ ಜಾಕ್ಸ್‌ಬಿಗೆ ಕೊಟ್ಟರೆ ಏನು ಬೇಕಾದರೂ ಇರಬಹುದಾದ ಒಂದು ಲಿಸ್ಟ್ ಕೈಗೆ ಬರುತ್ತದೆ. ಅದರ ಮೇಲೆ ಇನ್‌ಸ್ಟನ್ಸ್ಆಫ್ (‘ಇದು ಆ ಕ್ಲಾಸ್‌ನದೇ?’) ಸರಪಳಿ ಬರೆಯುವುದಕ್ಕಿಂತ, ದಾಖಲೆಯಲ್ಲಿ ಬೇಕಾದ್ದನ್ನು ಹುಡುಕುವ ಎಕ್ಸ್‌ಪಾತ್‌ನ ಒಂದು ಸಾಲು ವಾಸಿ. ಜಾವಾ 11ರಿಂದ ಜಾಕ್ಸ್‌ಬಿ ಜಾವಾದ ಮೂಲ ಕಿಟ್ ಆದ ಜೆಡಿಕೆಯ ಒಳಗೂ ಇಲ್ಲ, ಬೇರೆಯಾಗಿ ಸೇರಿಸಿಕೊಳ್ಳಬೇಕು. ನಿಮ್ಮ ಕೈಪಿಡಿಗಳಲ್ಲಿ ಬಿಡಿಭಾಗಗಳ ಪಟ್ಟಿ, ಮಾದರಿ ಸಂಖ್ಯೆ, ವೋಲ್ಟೇಜ್, ಅಶ್ವಶಕ್ತಿಯ ಕೋಷ್ಟಕ ಇರಲೇಬೇಕು. ಅವನ್ನು ಪ್ರತ್ಯೇಕ ನೇಮ್‌ಸ್ಪೇಸ್‌ಗೆ, ಪ್ರತ್ಯೇಕ ಫೈಲ್‌ಗೆ ತೆಗೆದಿಡಿ. ಅಲ್ಲಿ ಎಕ್ಸ್‌ಎಸ್‌ಡಿ ಬಳಸಿ, ಅಬ್‌ಸ್ಟ್ರಾಕ್ಟ್ ಟೈಪ್, ಎಕ್ಸ್‌ಟೆನ್ಷನ್ ಎಲ್ಲವನ್ನೂ ಧಾರಾಳವಾಗಿ ಬಳಸಿ, ಕ್ಲಾಸ್‌ಗಳನ್ನೂ ಜನರೇಟ್ ಮಾಡಿ. ಮೊನೊಬ್ಲಾಕ್ ಪಂಪ್ ಎಂಬುದು ಪಂಪ್‌ನ ಎಕ್ಸ್‌ಟೆನ್ಷನ್ ಆಗಿ ಅದರ ವೋಲ್ಟೇಜ್ ಕೊನೆಗೆ ಬಂದರೆ ಯಾರಿಗೂ ಶಾಕ್ ಹೊಡೆಯುವುದಿಲ್ಲ. ಕೈಪಿಡಿಯ ಪಠ್ಯ ಆ ಫೈಲ್‌ನಿಂದ ಐಡಿ ಹಿಡಿದು ಅಂಕಿಗಳನ್ನು ಎಳೆದುಕೊಳ್ಳಲಿ, ಮೂರು ಭಾಷೆಗೂ ಅವು ಒಂದೇ ಕಡೆಯಿಂದ ಬರುತ್ತವೆ.